ಹೊರದೇಶದ ಕ್ಯಾನು, ನಮ್ಮ ನೆಲದ ಕಾನೂನು



ಬ್ರೋಮಿನೇಟೆಡ್ ವೆಜಿಟಬಲ್ ಆಯಿಲ್ ಎಂಬ ಪದಾರ್ಥದಿಂದ ಮಾತು ಆರಂಭಿಸುತ್ತೇನೆ. ನಿಂಬೆ, ಕಿತ್ತಳೆ ಸ್ವಾದದ ಪಾನೀಯಗಳಲ್ಲಿ ಸ್ವಾದದ ಎಣ್ಣೆ ಮೇಲೆ ತೇಲದೆ ನೀರಿನಲ್ಲಿ ಹರಡಿಕೊಂಡಿರಲೆಂದು ಇದನ್ನು ಬೆರೆಸುತ್ತಿದ್ದರು. ಭಾರತ 1990ರಲ್ಲೇ ಇದನ್ನು ನಿಷೇಧಿಸಿತು. ಅಮೆರಿಕ ಇದಕ್ಕೆ ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡದ್ದು 2024ರ ಜುಲೈಯಲ್ಲಿ. ನಡುವಿನ ಮೂರು ದಶಕಗಳಲ್ಲಿ ಅಮೆರಿಕದ ಅಂಗಡಿಯಲ್ಲಿ ಕಾನೂನುಬದ್ಧವಾಗಿದ್ದ ಬಾಟಲಿ ನಮ್ಮ ಬಂದರಿನಲ್ಲಿ ನಿಷಿದ್ಧ ಸರಕಾಗಿತ್ತು. ಮುಂದುವರಿದ ದೇಶದಲ್ಲಿ ಮಾರಾಟವಾಗುವ ಪದಾರ್ಥ ಇಲ್ಲಿ ತಾನೇ ತಾನಾಗಿ ಪಾಸಾಗುತ್ತದೆ ಎಂದು ನಂಬಿ ಹಣ ಹೂಡುವ ಆಮದುದಾರರು ಇವತ್ತಿಗೂ ಇದ್ದಾರೆ. ಅವರು ಮೊದಲು ಬಿಡಬೇಕಾದದ್ದು ಆ ನಂಬಿಕೆಯನ್ನು.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ 2006ರಲ್ಲಿ ಬಂತು. ಅಸುರಕ್ಷಿತ, ಕಳಪೆ ಅಥವಾ ತಪ್ಪು ಲೇಬಲ್ಲಿನ ಆಹಾರವನ್ನು ಯಾರೂ ದೇಶದೊಳಗೆ ತರಕೂಡದು ಎನ್ನುತ್ತದೆ ಅದರ 25ನೆಯ ಕಲಮು. ಇದನ್ನು ನಡೆಸಿಕೊಡುವುದು 2017ರ ಆಮದು ನಿಯಮಾವಳಿ. ಆಮದುದಾರ ಪರವಾನಗಿ ಪಡೆದಿರಬೇಕು. ಸರಕು ಬಂದಾಗ ಅಧಿಕಾರಿ ಕಾಗದಪತ್ರ ನೋಡುತ್ತಾರೆ, ಕಣ್ಣಾರೆ ತಪಾಸಣೆ ಮಾಡುತ್ತಾರೆ, ಬೇಕೆನಿಸಿದರೆ ಮಾದರಿ ತೆಗೆದು ಎರಡು ಭಾಗ ಮಾಡಿ ಒಂದನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ವರದಿ ಒಪ್ಪದ ಆಮದುದಾರ ಮೇಲ್ಮನವಿ ಮಾಡಿದರೆ ಎರಡನೆಯ ಭಾಗ ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ.

ಅಂಥ ಪ್ರಯೋಗಾಲಯಗಳಲ್ಲಿ ಒಂದು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿದೆ. 2003ರ ಆಗಸ್ಟಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 12 ತಂಪು ಪಾನೀಯಗಳಲ್ಲಿ ಕೀಟನಾಶಕದ ಅಂಶ ಇದೆ ಎಂದಾಗ ದೇಶದಲ್ಲೆಲ್ಲ ಗದ್ದಲವೆದ್ದಿತು. ಆಗ ಕೇಂದ್ರ ಸರ್ಕಾರ ಮರುಪರೀಕ್ಷೆಗೆ ಮಾದರಿಗಳನ್ನು ಕಳಿಸಿದ್ದು ಮೈಸೂರಿಗೆ ಮತ್ತು ಕೋಲ್ಕತ್ತಕ್ಕೆ. ಶರದ್ ಪವಾರ್ ಅಧ್ಯಕ್ಷತೆಯ ಜಂಟಿ ಸಂಸದೀಯ ಸಮಿತಿ 2004ರಲ್ಲಿ ವಿಜ್ಞಾನ ಮತ್ತು ಪರಿಸರ ಕೇಂದ್ರದ ಶೋಧನೆಯನ್ನು ಎತ್ತಿಹಿಡಿಯಿತು. ಆ ಬಾಟಲಿಗಳು ಆಮದಾದವಲ್ಲ, ಇಲ್ಲಿಯೇ ತುಂಬಿಸಿದವು. ಆದರೂ ಈ ಮಾತು ಎತ್ತಿದೆ, ಏಕೆಂದರೆ ಪಾನೀಯಕ್ಕೂ ಕಟ್ಟುನಿಟ್ಟಿನ ಮಾನದಂಡ ಬೇಕೆಂಬ ಅರಿವು ಜನಸಾಮಾನ್ಯರಲ್ಲಿ ಹುಟ್ಟಿದ್ದು ಆ ಗದ್ದಲದಿಂದಲೇ.

ಇನ್ನು ಆಮದುದಾರ ಎಡವುವ ಜಾಗಗಳಿಗೆ ಬರೋಣ. ಪಾನೀಯದ ಒಳಗಿನ ದ್ರವಕ್ಕಿಂತ ಹೊರಗಿನ ಅಕ್ಷರ ಅವನನ್ನು ಹೆಚ್ಚು ಕಾಡುತ್ತದೆ. ತನ್ನ ಹೆಸರು, ವಿಳಾಸ, ಪರವಾನಗಿ ಸಂಖ್ಯೆ ಇಲ್ಲದಿದ್ದರೆ ಕಸ್ಟಮ್ಸ್ ಬಾಂಡೆಡ್ ಗೋದಾಮಿನಲ್ಲೇ ಕಿತ್ತುಬಾರದ ಸ್ಟಿಕ್ಕರ್ ಅಂಟಿಸಿ ಸರಿಪಡಿಸಬಹುದು. ಆದರೆ ತಯಾರಿಕೆಯ ದಿನಾಂಕವೇ ಇಲ್ಲದಿದ್ದರೆ ಸ್ಟಿಕ್ಕರ್ ಕೆಲಸಕ್ಕೆ ಬಾರದು. ಎಷ್ಟೋ ವಿದೇಶಿ ಕ್ಯಾನುಗಳ ಮೇಲೆ ಇರುವುದು ಯಾವ ದಿನದೊಳಗೆ ಕುಡಿದರೆ ಚೆನ್ನ ಎಂಬುದೊಂದೇ. ನಮ್ಮ ನಿಯಮದ ಪ್ರಕಾರ ಆಮದಿನ ಹೊತ್ತಿಗೆ ಬಾಳಿಕೆಯ ಅವಧಿಯಲ್ಲಿ ಶೇ 60 ಅಥವಾ ಮೂರು ತಿಂಗಳು, ಯಾವುದು ಕಡಿಮೆಯೋ ಅಷ್ಟು ಉಳಿದಿರಬೇಕು. ತಯಾರಾದ ದಿನ ಗೊತ್ತಿಲ್ಲದೆ ಶೇ 60ರ ಲೆಕ್ಕ ಹಾಕುವುದು ಹೇಗೆ? ತಕರಾರು ಬಗೆಹರಿಯುವವರೆಗೆ ಕಂಟೇನರು ಬಂದರಿನಲ್ಲಿ ಕೂರುತ್ತದೆ, ತಡವಾದುದಕ್ಕೆ ತೆರಬೇಕಾದ ಡೆಮರೇಜ್ ಶುಲ್ಕ ಏರುತ್ತದೆ, ಬಾಳಿಕೆಯ ದಿನಗಳು ಕರಗುತ್ತವೆ. ಕೊನೆಗೆ ತಿರಸ್ಕೃತವಾದರೆ ಸರಕನ್ನು ವಾಪಸು ಕಳಿಸಬೇಕು ಅಥವಾ ನಾಶಪಡಿಸಬೇಕು.

ಕೆಫೀನಿನದು ಇನ್ನೊಂದು ಕಥೆ. ನಮ್ಮಲ್ಲಿ ಕೆಫೀನ್‌ಯುಕ್ತ ಪಾನೀಯ ಎನಿಸಿಕೊಳ್ಳಲು ಲೀಟರಿಗೆ 145 ಮಿಲಿಗ್ರಾಂ ಕೆಫೀನ್ ಇರಬೇಕು, 300 ಮೀರಬಾರದು. ಅಮೆರಿಕದಲ್ಲಿ 473 ಮಿಲಿಲೀಟರಿನ ಎನರ್ಜಿ ಕ್ಯಾನಿನಲ್ಲಿ 160 ಮಿಲಿಗ್ರಾಂ ಇರುವುದು ಸಾಮಾನ್ಯ. ಲೆಕ್ಕ ಹಾಕಿ ನೋಡಿ: ಲೀಟರಿಗೆ 338 ಆಗುತ್ತದೆ. ಅಲ್ಲಿನ ಮಾಮೂಲಿ ಕ್ಯಾನು ಇಲ್ಲಿ ಮಿತಿಯ ಆಚೆಗೆ.

ತೆರಿಗೆಯ ವಿಚಾರವನ್ನು ಚುಟುಕಾಗಿ ಹೇಳುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಸಕ್ಕರೆ ಸೇರಿಸಿದ ಗ್ಯಾಸ್ ಪಾನೀಯಕ್ಕೂ ಕೆಫೀನ್ ಪಾನೀಯಕ್ಕೂ ಶೇ 40 ಜಿಎಸ್‌ಟಿ. ಗ್ಯಾಸ್ ಇಲ್ಲದ ಹಣ್ಣಿನ ರಸದ ಪಾನೀಯಕ್ಕೆ ಶೇ 5. ಅಂತರ ಇಷ್ಟು ದೊಡ್ಡದಿದ್ದಾಗ ಕಸ್ಟಮ್ಸಿಗೆ ಸಲ್ಲಿಸುವ ಬಿಲ್ ಆಫ್ ಎಂಟ್ರಿಯಲ್ಲಿ ತಪ್ಪು ವರ್ಗ ನಮೂದಿಸುವ ಆಸೆ ಕೆಲವರಿಗೆ ಹುಟ್ಟುತ್ತದೆ. ವರ್ಷಗಳ ನಂತರ ಬಡ್ಡಿ, ದಂಡ ಸಮೇತ ಬರುವ ನೋಟಿಸು ಇಡೀ ವ್ಯಾಪಾರವನ್ನೇ ನುಂಗಬಲ್ಲದು.

ಆಹಾರ ಕಾಯಿದೆಯ ದಂಡವೂ ಹಗುರವಲ್ಲ. ತಪ್ಪು ಲೇಬಲ್ಲಿಗೆ 3 ಲಕ್ಷ ರೂಪಾಯಿವರೆಗೆ, ಕಳಪೆ ಗುಣಮಟ್ಟಕ್ಕೆ 5 ಲಕ್ಷದವರೆಗೆ. ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ. ತಯಾರಕ ಸಾವಿರಾರು ಮೈಲಿ ದೂರದಲ್ಲಿರುವಾಗ ಇಲ್ಲಿನ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲುವವನು ಆಮದುದಾರ. ಹಾಗಾಗಿ ಪ್ರಯಾಣಿಕರ ಲಗೇಜಿನಲ್ಲೋ ಕಳ್ಳದಾರಿಯಲ್ಲೋ ಬಂದು ಕಪಾಟು ಸೇರಿದ, ಆಮದುದಾರನ ಹೆಸರಿಲ್ಲದ ಕ್ಯಾನು ನನಗೆ ಎಲ್ಲಕ್ಕಿಂತ ಅಪಾಯಕಾರಿಯಾಗಿ ಕಾಣುತ್ತದೆ. ಕುಡಿದ ಮಗುವಿಗೆ ಕೆಡುಕಾದರೆ ಕೇಳುವುದು ಯಾರನ್ನು? ಆ ಸರಕನ್ನು ಮಾರುಕಟ್ಟೆಯಿಂದ ವಾಪಸು ತರಿಸುವವರು ಯಾರು?

ನನ್ನನ್ನು ಬಹಳ ದಿನಗಳಿಂದ ಕೊರೆಯುತ್ತಿರುವ ವಿಷಯ ಇನ್ನೊಂದಿದೆ. ಕೆಫೀನ್ ಪಾನೀಯದ ಮೇಲೆ ಇದು ಮಕ್ಕಳಿಗೆ, ಗರ್ಭಿಣಿಯರಿಗೆ, ಬಾಣಂತಿಯರಿಗೆ ತಕ್ಕದ್ದಲ್ಲ, ದಿನಕ್ಕೆ 500 ಮಿಲಿಲೀಟರಿಗಿಂತ ಹೆಚ್ಚು ಬೇಡ ಎಂಬ ಎಚ್ಚರಿಕೆ ಇರಲೇಬೇಕು. ಆದರೆ 2020ರ ಲೇಬಲ್ ನಿಯಮ ಕೇಳುವುದು ಇಂಗ್ಲಿಷ್ ಅಥವಾ ದೇವನಾಗರಿಯ ಹಿಂದಿಯನ್ನು. ಬೇರೆ ಭಾಷೆಯನ್ನು ಜೊತೆಗೆ ಸೇರಿಸಬಹುದು, ಒತ್ತಾಯವಿಲ್ಲ. ಹಾವೇರಿಯಲ್ಲೋ ಚಾಮರಾಜನಗರದಲ್ಲೋ ಮಗ ಹಟಮಾಡಿ ಕೊಂಡ ಕ್ಯಾನನ್ನು ತಾಯಿ ತಿರುಗಿಸಿ ನೋಡುತ್ತಾಳೆ. ಕನ್ನಡವಷ್ಟೇ ಓದಬಲ್ಲ ಆಕೆಗೆ ಆ ಎಚ್ಚರಿಕೆ ಇದ್ದೂ ಇಲ್ಲದಂತೆ. ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಕನ್ನಡ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಹೇಳುತ್ತದೆ. ಕಡಲಾಚೆಯಿಂದ ಬರುವ ಕ್ಯಾನು ಅದರ ವ್ಯಾಪ್ತಿಯಲ್ಲಿಲ್ಲ.

ಇಲ್ಲಿ ಕುಳಿತಿರುವ ಆಮದು ವ್ಯಾಪಾರಿಗಳಲ್ಲಿ ಕೈಮುಗಿದು ಕೇಳುತ್ತೇನೆ. ಹೇಗಿದ್ದರೂ ಹೆಸರು, ವಿಳಾಸಕ್ಕೆಂದು ಸ್ಟಿಕ್ಕರ್ ಮುದ್ರಿಸುತ್ತೀರಿ. ಕರ್ನಾಟಕಕ್ಕೆ ಬರುವ ಕ್ಯಾನುಗಳ ಸ್ಟಿಕ್ಕರಿನಲ್ಲಿ ಆ ಎಚ್ಚರಿಕೆಯನ್ನು ಕನ್ನಡದಲ್ಲೂ ಮುದ್ರಿಸಿ. ಕಾನೂನು ಅದನ್ನು ತಡೆಯುವುದಿಲ್ಲ. ಮುಂದಿನ ಕಂಟೇನರಿನಿಂದಲೇ ಶುರು ಮಾಡಿ.