ಹೊದಿಕೆಯೂ ಒಡಲೂ

ಒಂದು ವಸ್ತುವಿನ ಮೇಲೆ ಇನ್ನೊಂದನ್ನು ಹೊದಿಸಿ ಅಂದಗಾಣಿಸುವುದು ನಮ್ಮ ನಾಡಿಗೆ ಹೊಸ ವಿದ್ಯೆಯಲ್ಲ. ಉತ್ಸವಕ್ಕೆ ಹೊರಡುವ ದೇವರ ಮರದ ವಾಹನಕ್ಕೆ ಬೆಳ್ಳಿಯ ತಗಡು ಹೊದಿಸುತ್ತೇವೆ. ಚನ್ನಪಟ್ಟಣದ ಗೊಂಬೆಗೆ ಅರಗಿನ ಬಣ್ಣ ಏರುತ್ತದೆ. ಈ ಸಾಲಿಗೆ ಈಚೆಗೆ ಬಂದು ಸೇರಿದ್ದು ವಿನೈಲ್ ಎಂಬ ಅಂಟುಹಾಳೆ. ಜನರ ಬಾಯಲ್ಲಿ ಅದು ಬರಿಯ ಸ್ಟಿಕ್ಕರ್. ಮನೆಯಲ್ಲೇ ಮಾಡಿದ ಆಟದ ಪೆಟ್ಟಿಗೆಗೆ ಈ ಹಾಳೆಯನ್ನು ಹೊದಿಸುವ ಹವ್ಯಾಸವೊಂದುಂಟು. ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆನಿಸಿದೆ.

ಜಪಾನಿನಲ್ಲಿ 1978ರಲ್ಲಿ ‘ಸ್ಪೇಸ್ ಇನ್ವೇಡರ್ಸ್’, 1980ರಲ್ಲಿ ‘ಪ್ಯಾಕ್‌ಮನ್’ ಎಂಬ ವಿಡಿಯೋ ಆಟಗಳು ಹುಟ್ಟಿದವು. ಆಳೆತ್ತರದ ಪೆಟ್ಟಿಗೆ, ಎದುರಿಗೊಂದು ತೆರೆ, ಕಾಸು ಹಾಕಲು ಸೀಳುಗಂಡಿ. ಪೆಟ್ಟಿಗೆಯ ಮಗ್ಗುಲಿನ ಚಿತ್ರವೇ ದಾರಿಹೋಕನನ್ನು ಕೈಬೀಸಿ ಕರೆಯುತ್ತಿತ್ತು. ಅಂಥ ಪೆಟ್ಟಿಗೆಯನ್ನು ಪ್ಲೈವುಡ್ಡಿನಿಂದ ತಾವೇ ಕಟ್ಟಿಕೊಳ್ಳುವವರು ಇಂದು ಅನೇಕರಿದ್ದಾರೆ. ಕೊಳ್ಳೇಗಾಲದಲ್ಲಿ ನಮ್ಮ ನೆರೆಮನೆಯ ತರುಣನೂ ಅವರಲ್ಲೊಬ್ಬ.

ಹಾಳೆಯ ಚರಿತ್ರೆ ಸ್ವಾರಸ್ಯದ್ದು. ಗಡುಸಾದ ಪಿವಿಸಿಯನ್ನು ಬಳುಕುವಂತೆ ಮಾಡುವ ಉಪಾಯವನ್ನು 1926ರಲ್ಲಿ ಅಮೆರಿಕದ ವಾಲ್ಡೋ ಸೆಮನ್ ಕಂಡುಕೊಂಡರು. ತಾನಾಗಿ ಅಂಟುವ ಚೀಟಿಯನ್ನು 1935ರಲ್ಲಿ ಸ್ಟಾಂಟನ್ ಏವರಿ ತಯಾರಿಸಿದರು. ಈ ಎರಡರ ಕೂಡಾವಳಿಯೇ ನಮ್ಮ ಹಾಳೆ. ಮೇಲೆ ವಿನೈಲ್, ನಡುವೆ ಅಂಟು, ಕೆಳಗೆ ಸುಲಭವಾಗಿ ಸುಲಿದುಬರುವ ನುಣುಪು ಕಾಗದ. ಈ ಅಂಟಿಗೆ ನೀರೂ ಬೇಡ, ಬೆಂಕಿಯೂ ಬೇಡ, ಒತ್ತಿದರೆ ಹಿಡಿಯುತ್ತದೆ.

ಒತ್ತಿದರೆ ಹಿಡಿಯುತ್ತದೆಂಬ ಭರವಸೆಯೇ ಅವಸರದವರನ್ನು ಕೆಡಿಸುತ್ತದೆ. ಆ ತರುಣನು ಮೊದಲು ಬರಿಯ ಪ್ಲೈವುಡ್ಡಿನ ಮೇಲೆಯೇ ಹಾಳೆ ಎಳೆದ. ಸಂಜೆಯ ದೀಪ ಬಿದ್ದಾಗ ಪ್ರತಿಯೊಂದು ಧೂಳಿನ ಕಣವೂ ಮೊಡವೆಯಂತೆ ಎದ್ದು ಕಂಡಿತು. ಹಾಳೆ ತನ್ನ ಕೆಳಗಿನ ಕುಂದನ್ನು ಮುಚ್ಚುವುದಿಲ್ಲ, ಸಾರುತ್ತದೆ. ಹೊಳಪು ಹೆಚ್ಚಿದಷ್ಟೂ ಜೋರಾಗಿ ಸಾರುತ್ತದೆ. ಎರಡನೆಯ ಸಲ ಅವನು ಗುಂಡಿಗಳಿಗೆ ಪುಟ್ಟಿ ತುಂಬಿ, ಉಪ್ಪುಕಾಗದದಿಂದ ಉಜ್ಜಿ, ಪ್ರೈಮರ್ ಬಳಿದು, ಒಣಗಿದ ಮೇಲೆ ಮತ್ತೆ ಉಜ್ಜಿ ಒರೆಸಿದ. ಅನಂತರ ಸಾಬೂನು ನೀರನ್ನು ತೆಳುವಾಗಿ ಚಿಮುಕಿಸಿದ. ಆಗ ಹಾಳೆ ತಕ್ಷಣ ಕಚ್ಚಿಕೊಳ್ಳದೆ, ಸರಿಪಡಿಸಲು ಅವಕಾಶ ಕೊಡುತ್ತದೆ. ನಡುವಿನಿಂದ ಅಂಚಿನ ಕಡೆಗೆ ಗಟ್ಟಿ ಪಟ್ಟಿಯಿಂದ ಒತ್ತುತ್ತ ನೀರನ್ನೂ ಗಾಳಿಯನ್ನೂ ಹೊರದೂಡಿದ. ಉಳಿದ ಗುಳ್ಳೆಗೆ ಸೂಜಿಯ ಮೊನೆ ತಾಗಿಸಿದರೆ ಸಾಕಾಯಿತು. ದುಂಡು ಅಂಚಿನಲ್ಲಿ ಬಿಸಿಗಾಳಿ ಹಾಯಿಸಿದಾಗ ಹಾಳೆ ಮೆತ್ತಗಾಗಿ ಬಾಗಿತು. ಹಾಳೆ ಹೊದಿಸಲು ಒಂದು ಗಂಟೆ. ಒಡಲನ್ನು ಅಣಿಮಾಡಲು ನಾಲ್ಕು ದಿನ.

ರೇಷ್ಮೆಯ ನೇಯ್ಗೆಗೆ ಹೆಸರಾದ ಕೊಳ್ಳೇಗಾಲದವರಿಗೆ ಇದು ಅಪರಿಚಿತ ಪಾಠವಲ್ಲ. ಅಸಲು ಜರಿಯ ಒಳಗಿರುವುದು ರೇಷ್ಮೆಯ ನೂಲು. ಅದರ ಸುತ್ತ ಚಪ್ಪಟೆಯಾಗಿಸಿದ ಬೆಳ್ಳಿಯ ತಂತಿ, ಅದರ ಮೇಲೆ ಚಿನ್ನದ ತೆಳುಲೇಪ. ಕಣ್ಣಿಗೆ ಕಾಣುವುದು ಚಿನ್ನ. ಸೆಳೆತವನ್ನು ತಾಳಿಕೊಳ್ಳುವುದು ನೂಲು. ನಮ್ಮ ಲಾಕ್ಷಣಿಕರು ಅಲಂಕಾರವನ್ನು ಕಾವ್ಯಶರೀರದ ಒಡವೆಗೆ ಹೋಲಿಸಿದರು. ಒಡವೆ ತೊಡಲು ಮೊದಲು ಶರೀರವಿರಬೇಕಷ್ಟೆ! ತೇಗದ ಎಳೆಗಳು ಅಚ್ಚಾದ ಹಾಳೆಯನ್ನು ಕಳಪೆ ಹಲಗೆಗೆ ಅಂಟಿಸಿ ತೇಗವೆಂದು ಮಾರಿದರೆ ಅದು ವಂಚನೆ. ಬಣ್ಣದ ಚಿತ್ರ ಹೊತ್ತ ಆಟದ ಪೆಟ್ಟಿಗೆ ಹಾಗೆ ಯಾರನ್ನೂ ನಂಬಿಸಹೊರಡುವುದಿಲ್ಲ. ಅದರ ಹೊದಿಕೆ ಹೊದಿಕೆಯಾಗಿಯೇ ನಲಿಯುತ್ತದೆ.

ಆದರೆ ಈ ಹಾಳೆಯ ಮೇಲೆ ಒಂದು ಋಣವಿದೆ. ಅಂಗಡಿಯ ನಾಮಫಲಕ, ಲಾರಿಯ ಹಿಂಬದಿ, ಶಾಲೆಯ ಗೋಡೆ ಇವುಗಳ ಮೇಲೆ ಕುಂಚ ಹಿಡಿದು ಅಕ್ಷರ ಬರೆಯುತ್ತಿದ್ದವರ ಅನ್ನವನ್ನು ಯಂತ್ರದಲ್ಲಿ ಕತ್ತರಿಸಿದ ಸ್ಟಿಕ್ಕರ್ ಬಹುಮಟ್ಟಿಗೆ ಕಸಿದುಕೊಂಡಿತು. ಯಂತ್ರಕ್ಕೆ ವೇಗವುಂಟು, ಕನ್ನಡದ ಒತ್ತಕ್ಷರದ ಮರ್ಮ ತಿಳಿಯದು. ತೀರ ಸಣ್ಣ ಒತ್ತು ಹಾಳೆ ಸುಲಿಯುವಾಗ ಕಿತ್ತುಬರುತ್ತದೆ; ಅಕ್ಷರದೊಳಗಿನ ಕಿರುಗಂಡಿ ಮುಚ್ಚಿಹೋಗುತ್ತದೆ. ನಮ್ಮ ತರುಣನ ಪೆಟ್ಟಿಗೆಯ ಹೆಸರು ಹೀಗೆಯೇ ಎರಡು ಸಲ ಕೆಟ್ಟಿತು. ಕೊನೆಗೆ ಅವನು ಊರಿನ ಹಿರಿಯ ಫಲಕ ಬರಹಗಾರರೊಬ್ಬರ ಮನೆ ಬಾಗಿಲಿಗೆ ಹೋಗಿ, “ಯಜಮಾನರೇ, ತಾವೇ ಬರೆದುಕೊಡಬೇಕು” ಎಂದು ಕೇಳಿಕೊಂಡ. ಅವರು ಒತ್ತುಗಳನ್ನು ತುಸು ದಪ್ಪಗೆ ಎಳೆದು, ಗಂಡಿಗಳನ್ನು ಅಗಲಿಸಿ ಕಾಗದದ ಮೇಲೆ ಬರೆದುಕೊಟ್ಟರು. ಯಂತ್ರ ಅದನ್ನೇ ಅನುಸರಿಸಿ ಕತ್ತರಿಸಿತು. ಬರಹಕ್ಕೆ ಸಂಭಾವನೆಯೂ ಸಂದಿತು.

ಕತ್ತರಿಸಿ ಉಳಿದ ಚೂರುಗಳನ್ನು ತರಗೆಲೆಯೊಡನೆ ಸುಡಬಾರದು. ಪಿವಿಸಿಯ ಹೊಗೆ ವಿಷಕರ. ಹೊದಿಸಿದವನಿಗೆ ಹೊದಿಕೆಯ ಅಂತ್ಯದ ಹೊಣೆಯೂ ಸೇರಿದ್ದು. ಹೊಸ ಸಾಧನ ಮನೆಗೆ ಬಂದಾಗ ಅದನ್ನು ಹಳಿಯುವುದೂ ಬೇಡ, ಅದಕ್ಕೆ ಮರುಳಾಗುವುದೂ ಬೇಡ. ಅದರ ಕೆಳಗೆ ಗಟ್ಟಿಯಾದ ಹಲಗೆಯಿರಲಿ, ಅದರ ಹಿಂದೆ ಬಲ್ಲವರ ಕೈಯಿರಲಿ.