ಗೇರ್ ರಾಡಿನ ಅಳತೆ ಮತ್ತು ಕೈಯ ಆತುರ



ಬೀದರಿನಿಂದ ಹೊರಟು ಮಾಂಜ್ರಾ ನದಿಯನ್ನು ದಾಟಿ ಸಂತಪುರದ ಮೇಲೆ ಔರಾದಕ್ಕೆ ಸಾಗುವ ಬಸ್ಸಿನಲ್ಲಿ ಮುಂದಿನ ಆಸನವನ್ನು ಹಿಡಿದವರು, ಚಾಲಕನು ನೀಳವಾದ ಗೇರ್ ರಾಡನ್ನು ತೋಳು ಚಾಚಿ ಮುಂದಕ್ಕೆ ನೂಕಿ, ಮರುಕ್ಷಣವೇ ಪಕ್ಕೆಯವರೆಗೆ ಸೆಳೆದುಕೊಳ್ಳುವುದನ್ನು ನೋಡಿಯೇ ಇರುತ್ತಾರೆ. ಸ್ಪೋರ್ಟ್ಸ್ ಕಾರಿನ ಒಡೆಯರು ಬಯಸುವುದು ಇದಕ್ಕೆ ನೇರ ವಿರುದ್ಧವಾದುದನ್ನು: ಮಣಿಕಟ್ಟನ್ನು ತುಸು ಹೊರಳಿಸಿದೊಡನೆ ಗೇರು ಬೀಳಬೇಕು. ಈ ಇಚ್ಛೆಯನ್ನು ಪೂರೈಸಲೆಂದು ಶಾರ್ಟ್ ಶಿಫ್ಟರ್ ಎಂಬ ಉಪಕರಣವು ಪೇಟೆಯಲ್ಲಿ ಬೇರೆಯಾಗಿ ದೊರೆಯುತ್ತದೆ. ಕಾರಖಾನೆಯವರು ಕೊಟ್ಟ ರಾಡನ್ನು ಕಿತ್ತು ಇದನ್ನು ಕೂಡಿಸುವುದರಿಂದ ಲಭಿಸತಕ್ಕ ಪ್ರಯೋಜನವೇನೆಂಬುದೇ ಇಂದಿನ ವಿಚಾರ.

ಹೊಲದಲ್ಲಿ ಬಂಡೆಯನ್ನೆಬ್ಬಿಸಲು ಹಾರೆಯ ಕೆಳಗೆ ಒತ್ತುಗಲ್ಲನ್ನಿಡುವ ರೈತನಿಗೆ ಗೇರ್ ರಾಡಿನ ತತ್ತ್ವವನ್ನು ಹೊಸದಾಗಿ ಬೋಧಿಸಬೇಕಾದುದಿಲ್ಲ. ರಾಡಿನ ಆಧಾರಬಿಂದುವಿನಿಂದ ಮೇಲಿನ ಭಾಗವು 30 ಸೆಂಟಿಮೀಟರೂ ಕೆಳಗಿನ ಭಾಗವು 6 ಸೆಂಟಿಮೀಟರೂ ಇದ್ದು, ಕೆಳತುದಿಯು 2 ಸೆಂಟಿಮೀಟರು ಸರಿಯಬೇಕಾಗಿದ್ದರೆ, ಹಿಡಿಯು 10 ಸೆಂಟಿಮೀಟರು ಸರಿಯಬೇಕು. ಆಧಾರಬಿಂದುವನ್ನು 2 ಸೆಂಟಿಮೀಟರು ಮೇಲಕ್ಕೇರಿಸಿ ಆ ಭಾಗಗಳನ್ನು 28 ಮತ್ತು 8 ಎಂದು ಮಾಡಿದರೆ, ಹಿಡಿಯ ಚಲನೆ 7 ಸೆಂಟಿಮೀಟರಿಗೆ ಇಳಿಯುತ್ತದೆ. ಆದರೆ ಮೊದಲು 2 ಕಿಲೋ ಭಾರದಷ್ಟು ಒತ್ತಿದರೆ ಸಾಕಾಗುತ್ತಿದ್ದಲ್ಲಿ ಈಗ ಸುಮಾರು 2.9 ಕಿಲೋದಷ್ಟು ಒತ್ತಬೇಕಾಗುತ್ತದೆ. ದೂರದಲ್ಲಿ ಉಳಿಸಿದುದನ್ನು ಬಲದಲ್ಲಿ ತೆತ್ತಂತಾಯಿತು.

ಇನ್ನು ಕಾಲದ ಉಳಿತಾಯವೋ, ಅಲ್ಲಿಯೂ ನಿರೀಕ್ಷೆಯು ವಾಸ್ತವವನ್ನು ಮೀರಿದೆ. 1932ರಲ್ಲಿ ನಿಜಾಮರ ರೈಲ್ವೆ ಇಲಾಖೆಯು, ಬೀದರವೂ ಸೇರಿದ್ದ ಹೈದರಾಬಾದು ಸಂಸ್ಥಾನದಲ್ಲಿ ಬಸ್ ಸಂಚಾರವನ್ನಾರಂಭಿಸಿದ ಆ ಯುಗದ ಭಾರವಾಹನಗಳಲ್ಲಿ, ಚಾಲಕನು ಎರಡೆರಡು ಬಾರಿ ಕ್ಲಚ್ಚನ್ನು ತುಳಿದು, ಹಲ್ಲುಚಕ್ರಗಳ ವೇಗವನ್ನು ಕಿವಿಯಿಂದಲೇ ಅಂದಾಜು ಮಾಡಿ ಗೇರು ಹಾಕಬೇಕಾಗಿತ್ತು. ಅಮೆರಿಕದ ಕ್ಯಾಡಿಲಾಕ್ ಸಂಸ್ಥೆಯವರು 1928ರಲ್ಲಿಯೇ ತಮ್ಮ ಕಾರುಗಳಿಗೆ ಅಳವಡಿಸಿದ ಸಿಂಕ್ರೋಮೆಶ್ ಎಂಬ ಏರ್ಪಾಡು ಈ ಕಷ್ಟವನ್ನು ನೀಗಿತು. ಇಂದು ಸಾಮಾನ್ಯವಾಗಿ ಹಿತ್ತಾಳೆಯದಾಗಿರುವ ಒಂದು ಶಂಕುವಿನಾಕಾರದ ಉಂಗುರವು ಚಕ್ರವನ್ನು ಉಜ್ಜಿ, ಎರಡರ ವೇಗವನ್ನೂ ಸಮಗೊಳಿಸಿದ ತರುವಾಯವೇ ಹಲ್ಲುಗಳು ಕೂಡುತ್ತವೆ. ಈ ಸಮೀಕರಣಕ್ಕೆ ಬೇಕಾದ ಕಾಲವು ರಾಡಿನ ಉದ್ದದಿಂದ ನಿರ್ಣೀತವಾಗತಕ್ಕದ್ದಲ್ಲ. ಕೈ ಬೇಗನೆ ತಲಪಿದರೂ ಉಂಗುರವು ತನ್ನ ಕೆಲಸವನ್ನು ಮುಗಿಸಬೇಕಷ್ಟೆ. ಅದನ್ನು ಲೆಕ್ಕಿಸದೆ ಒತ್ತಾಯಿಸಿದರೆ ಹಲ್ಲು ಕರಕರನೆ ಉಜ್ಜಿ, ಉಂಗುರವು ಅಕಾಲದಲ್ಲಿ ಸವೆಯುವುದು. ಗೇರ್ ಬಾಕ್ಸನ್ನು ಬಿಚ್ಚಿಸಿ ಹೊಸ ಉಂಗುರ ಹಾಕಿಸುವ ಖರ್ಚಿನ ಮುಂದೆ ಶಾರ್ಟ್ ಶಿಫ್ಟರಿನ ಬೆಲೆ ಅಲ್ಪವೆನಿಸುತ್ತದೆ.

ಹಾಗೆಂದು ಇದು ಸರ್ವಥಾ ವ್ಯರ್ಥವೆಂದು ನಾನು ಹೇಳಲಾರೆ. ಗೇರ್ ಬಾಕ್ಸಿನ ಮೇಲೆಯೇ ರಾಡು ನಿಂತಿರುವ ವಾಹನಗಳಲ್ಲಿ, ಓಟದ ಪಥದಲ್ಲಿ ಕ್ಷಣಕ್ಷಣಕ್ಕೂ ಗೇರು ಬದಲಿಸುವ ನುರಿತ ಚಾಲಕನಿಗೆ, ಸ್ಟಿಯರಿಂಗನ್ನು ಬಿಟ್ಟ ಕೈ ಬೇಗನೆ ಹಿಂದಿರುಗುವುದು ನಿಜವಾದ ಉಪಕಾರವೇ. ಆದರೆ ಮಜ್ದಾ ಎಂಎಕ್ಸ್-5ರಂತಹ ಕಾರುಗಳಿಗೆ ಕಾರಖಾನೆಯವರೇ ಅತ್ಯಲ್ಪ ಚಲನೆಯ ರಾಡನ್ನು ಕೊಟ್ಟಿರುವುದರಿಂದ, ಅದನ್ನು ಮತ್ತೂ ಮೊಟಕುಗೊಳಿಸುವುದು ಅನಾವಶ್ಯಕವೆಂದೇ ನನ್ನ ಮತ.

ರಾಡನ್ನು ಮೊಟಕುಗೊಳಿಸುವ ಮುನ್ನ ಬೇರೆ ದೋಷಗಳನ್ನು ನೋಡಬೇಕೆಂಬುದಕ್ಕೆ ನಮ್ಮ ನಾಡಿನಲ್ಲಿ ಒಳ್ಳೆಯ ನಿದರ್ಶನವು, ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯ ರ‍್ಯಾಲಿಗಳಲ್ಲಿ ಬಹುಕಾಲ ಓಡಿದ ಮಾರುತಿ ಜಿಪ್ಸಿ. ಅದರ ರಾಡು ನೀಳವಾದುದು. ಬುಡದಲ್ಲಿರುವ ಪ್ಲಾಸ್ಟಿಕ್ ಬುಷ್ ಸವೆದಾಗ ಅದು ಅತ್ತಿತ್ತ ಓಲಾಡುತ್ತ, ಎರಡನೆಯ ಗೇರು ಎಲ್ಲಿ, ನಾಲ್ಕನೆಯದು ಎಲ್ಲಿ ಎಂಬುದೇ ಕೈಗೆ ತಿಳಿಯದಂತಾಗುತ್ತದೆ. ಅಂತಹ ಗಾಡಿಯ ಒಡೆಯನು ಶಾರ್ಟ್ ಶಿಫ್ಟರನ್ನು ಹುಡುಕಿ ಹೊರಡುವುದಕ್ಕೆ ಮುಂಚೆ, ಅತ್ಯಲ್ಪ ಬೆಲೆಯ ಆ ಬುಷ್ಷನ್ನು ಮಿಸ್ತ್ರಿಯಿಂದ ಬದಲಿಸಿಕೊಂಡು ನೋಡಲಿ. ಅವನ ಕೈ ಬೇಡುತ್ತಿದ್ದುದು ಕಡಿಮೆ ದೂರವನ್ನಲ್ಲ, ಖಚಿತವಾದ ಸ್ಥಾನವನ್ನು ಎಂಬುದು ಆಗ ತಾನಾಗಿಯೇ ವಿದಿತವಾಗುವುದು. ಮುಂದಿನ ಚಕ್ರಗಳಿಂದ ಎಳೆಯಲ್ಪಡುವ ಕಾರುಗಳಲ್ಲಿಯೂ ಗೇರ್ ಕೇಬಲ್ಲಿನ ತುದಿಗಳ ಬುಷ್ಷುಗಳು, ಎಂಜಿನ್ನನ್ನು ಹೊತ್ತಿರುವ ರಬ್ಬರಿನ ಮೌಂಟುಗಳು, ಗೇರ್ ಎಣ್ಣೆ ಇವುಗಳನ್ನು ಇದೇ ರೀತಿಯಲ್ಲಿ ಮೊದಲು ಪರೀಕ್ಷಿಸತಕ್ಕದ್ದು.

ಎಣ್ಣೆಯ ವಿಷಯದಲ್ಲಿ ಇನ್ನೊಂದು ಮಾತು. ನಮ್ಮ ಸೀಮೆಯ ಪುಷ್ಯಮಾಸದ ಚಳಿಯಲ್ಲಿ, ರಾತ್ರಿಯೆಲ್ಲ ಅಂಗಳದಲ್ಲಿ ನಿಂತ ಗಾಡಿಯ ಗೇರ್ ಎಣ್ಣೆ ದಪ್ಪಗಾಗಿ, ಬೆಳಗಿನ ಮೊದಲ ಒಂದೆರಡು ಮೈಲಿಗಳಲ್ಲಿ ಗೇರು ಬಿಗಿಯಾಗಿಯೇ ಬೀಳುತ್ತದೆ. ಉದ್ದದ ರಾಡು ಆ ಬಿಗಿತವನ್ನು ಬಹುಮಟ್ಟಿಗೆ ಮರೆಸುವುದು. ಶಾರ್ಟ್ ಶಿಫ್ಟರ್ ಹಾಕಿಸಿದವರು ಅದನ್ನು ಪೂರ್ಣವಾಗಿ ಅಂಗೈಯಲ್ಲಿ ಅನುಭವಿಸುವರಾದುದರಿಂದ, ಎಣ್ಣೆ ಬೆಚ್ಚಗಾಗುವವರೆಗೆ ನಿಧಾನವಾಗಿಯೇ ಗೇರು ಬದಲಿಸತಕ್ಕದ್ದು.