ಹಗ್ಗಕ್ಕೊಂದು ಸೂರು

(ವರಾಛಾದಲ್ಲಿ ಸೇರಿದ್ದ ಸಂಘದ ಸರ್ವಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ಚಂದಾ ಪುಸ್ತಕ ಹಿಡಿದು ನಿಮ್ಮ ಮನೆಗಳ ಮೆಟ್ಟಿಲನ್ನು ನಾನು ಎಷ್ಟು ಬಾರಿ ಹತ್ತಿದ್ದೇನೆಯೋ ಲೆಕ್ಕವಿಲ್ಲ. ಒಮ್ಮೆಯೂ ಬರಿಗೈಯಲ್ಲಿ ಇಳಿದವನಲ್ಲ. ಈ ಬೇಸಿಗೆಯಲ್ಲಿ ಬೇರೊಂದು ಪುಸ್ತಕ ಹಿಡಿದು ಹತ್ತಿದೆ. ಚಹಾ ಸಿಕ್ಕಿತು, ಚಂದಾ ಸಿಗಲಿಲ್ಲ. ಅದಕ್ಕೆ ನಿಮ್ಮ ಜಿಪುಣತನ ಕಾರಣವಲ್ಲ, ವಿಷಯವನ್ನು ತಿಳಿಯಪಡಿಸುವಲ್ಲಿ ನಾನೇ ಸೋತೆನೆಂದು ಭಾವಿಸಿ, ಅಧ್ಯಕ್ಷರಲ್ಲಿ ಹದಿನೈದು ನಿಮಿಷ ಬೇಡಿ ಪಡೆದಿದ್ದೇನೆ.

ನಾನು ಸುಳ್ಯದ ಕಡೆಯವನು. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಬೆಟ್ಟಗಳು ಜಾರಿದುದನ್ನು ನೀವೆಲ್ಲ ದೂರದರ್ಶನದಲ್ಲಿ ಕಂಡಿದ್ದೀರಿ. 17ರಂದು ನಮ್ಮ ಗಡಿಯ ಜೋಡುಪಾಲದಲ್ಲಿ ಗುಡ್ಡ ಕುಸಿದು, ಮಂಗಳೂರು–ಮಡಿಕೇರಿ ಹೆದ್ದಾರಿ ಮುಚ್ಚಿಹೋಯಿತು. ಮೇಲಿನಿಂದ ಬರುವ ದಾರಿಯೇ ಇಲ್ಲದಿದ್ದಾಗ ಕೆಳಗಿನ ಊರುಗಳ ತರುಣರು ಕೆಸರಿನಲ್ಲಿ ನಡೆದು ಹೋಗಿ ಮುದುಕರನ್ನೂ ಮಕ್ಕಳನ್ನೂ ಕರೆತಂದರು. ಅವರಲ್ಲಿ ಕೆಲವರು ಅನಂತರವೂ ಚದುರದೆ ಒಂದು ಸಣ್ಣ ತಂಡವಾಗಿ ಉಳಿದರು. ಸಂಬಳವಿಲ್ಲ, ಸಮವಸ್ತ್ರವಿಲ್ಲ. ಒಬ್ಬ ರಬ್ಬರು ಟ್ಯಾಪ್ ಮಾಡುವವನು, ಒಬ್ಬ ಜೀಪು ಚಾಲಕ, ಇನ್ನೊಬ್ಬ ಶಾಲೆಯ ಮಾಸ್ತರ. ಮಳೆಗಾಲದಲ್ಲಿ ಹೊಳೆ, ಗುಡ್ಡ. ಉಳಿದ ದಿನಗಳಲ್ಲಿ ಕಾಡಿನಲ್ಲಿ ದಾರಿ ತಪ್ಪಿದ, ಬಂಡೆಯ ಮೇಲೆ ಕಾಲು ಮುರಿದುಕೊಂಡ ಚಾರಣಿಗರು.

ಕಳೆದ ವರ್ಷ ಊರಿಗೆ ಹೋದಾಗ ಅವರ ‘ಕೇಂದ್ರ’ವನ್ನು ನೋಡಿದೆ. ಯಾರದೋ ಅಡಕೆ ಕೊಟ್ಟಿಗೆಯ ಒಂದು ಮೂಲೆ. ಹಗ್ಗದ ಸುರುಳಿಗಳ ಪಕ್ಕದಲ್ಲೇ ತೋಟದ ಔಷಧಿಗೆಂದು ತಂದಿಟ್ಟ ಮೈಲುತುತ್ತಿನ ಚೀಲ, ಸುಣ್ಣ, ಗಾಡಿಯ ಬ್ಯಾಟರಿ. ಜೀವ ತೂಗುವ ನೈಲಾನ್ ಹಗ್ಗಕ್ಕೆ ಬಿಸಿಲು ಶತ್ರು, ಆಮ್ಲ ಅದಕ್ಕಿಂತ ದೊಡ್ಡ ಶತ್ರು. ಬ್ಯಾಟರಿಯ ಒಂದು ಹನಿ ತಾಗಿದರೂ ಒಳಗಿನ ಎಳೆ ಸತ್ತಿರುತ್ತದೆ, ಹೊರಗೆ ಬಣ್ಣ ಮಾಸಿರುವುದಿಲ್ಲ. ಆದುದರಿಂದಲೇ ಪ್ರತಿಯೊಂದು ಹಗ್ಗಕ್ಕೂ ಜಾತಕದಂತಹ ಒಂದು ಪುಸ್ತಕವಿರಬೇಕು: ಎಂದು ಕೊಂಡದ್ದು, ಎಲ್ಲಿ ಬಳಸಿದ್ದು, ಎಷ್ಟು ಭಾರ ಹೊತ್ತದ್ದು. ಬಳಸದೆ ಇಟ್ಟರೂ ಹತ್ತು ವರ್ಷಕ್ಕೆ ಅದನ್ನು ಕೈಬಿಡಬೇಕೆಂಬುದು ಸಾಮಾನ್ಯ ನಿಯಮ. ಆ ತರುಣರು ಪುಸ್ತಕವನ್ನೇನೋ ಇಟ್ಟಿದ್ದರು. ಆದರೆ ಕಳೆದ ಮಳೆಗಾಲದಲ್ಲಿ ಬ್ಯಾಟರಿ ವಾಲಿ ಬಿದ್ದಿತ್ತು. ಹಗ್ಗಕ್ಕೆ ತಾಗಿತೋ ಇಲ್ಲವೋ ಯಾರೂ ನೋಡಿರಲಿಲ್ಲ. ಹೊಸದೇ ಆದ ಆ ಹಗ್ಗವನ್ನು ತುಂಡು ತುಂಡು ಮಾಡಿ ದನ ಕಟ್ಟಲು ಹಂಚಿಬಿಟ್ಟರು. ‘ಇರಲಿ, ಇನ್ನೊಂದು ಸಲಕ್ಕೆ ಆದೀತು’ ಎನ್ನದ ಆ ಹುಡುಗರ ಮೇಲೆ ನನಗೆ ಅಂದು ಹುಟ್ಟಿದ ಗೌರವವೇ ಇಂದು ಇಲ್ಲಿ ನಿಲ್ಲಿಸಿದೆ.

ಅವರು ಕೇಳುತ್ತಿರುವುದು ಒಂದು ಒಣ ಕೋಣೆ; ಹಗ್ಗಕ್ಕೆ ಕತ್ತಲಿನ ಕಪಾಟು, ಸ್ಟ್ರೆಚರಿಗೆ ಗೋಡೆ, ಜೀಪಿಗೆ ಮಾಡು, ಹೊರಗೆ ಅಭ್ಯಾಸಕ್ಕೊಂದು ಎತ್ತರದ ಕಂಬ. ಜಾಗವನ್ನು ಒಬ್ಬ ಕೃಷಿಕರು ಬರೆದುಕೊಟ್ಟಿದ್ದಾರೆ. ಅಭ್ಯಾಸವೇಕೆಂದು ಒಬ್ಬರು ಕೇಳಿದರು. ಸ್ವಾಮೀ, ಗಾಯಾಳುವನ್ನು ಕಾಡುದಾರಿಯಲ್ಲಿ ಹೊರಲು ಒಂದು ಸಲಕ್ಕೆ ಆರು ಜನ ಬೇಕು, ಹತ್ತು ನಿಮಿಷದಲ್ಲಿ ಭುಜ ಸೋಲುತ್ತದೆ, ಹೆಗಲು ಬದಲಿಸಲು ಮತ್ತೆ ಆರು, ಮತ್ತೆ ಆರು. ಹೆಜ್ಜೆ ಕೂಡದಿದ್ದರೆ ಹೊತ್ತವರೂ ಬೀಳುತ್ತಾರೆ.

1928ರಲ್ಲಿ ಇಂಗ್ಲೆಂಡಿನ ಲ್ಯಾಡೋ ಎಂಬ ಬಂಡೆಗಳಲ್ಲಿ ಒಬ್ಬ ಆರೋಹಿ ಬಿದ್ದ. ಸ್ಟ್ರೆಚರು ಇರಲಿಲ್ಲ. ಗೆಳೆಯರು ದಾರಿ ತೋರುವ ಫಲಕವನ್ನೇ ಕಿತ್ತು ಡೋಲಿ ಮಾಡಿ ಗಂಟೆಗಟ್ಟಲೆ ಹೊತ್ತು ತಂದರು. ಕೊನೆಗೆ ಆತನ ಕಾಲನ್ನು ಕತ್ತರಿಸಬೇಕಾಯಿತು. ಬಿದ್ದುದಕ್ಕಿಂತ ಹೊತ್ತು ತಂದ ರೀತಿಯೇ ಹೆಚ್ಚು ಕೇಡು ಮಾಡಿತೆಂದು ಶಸ್ತ್ರವೈದ್ಯ ವಿಲ್ಸನ್ ಹೇ ಕಂಡುಕೊಂಡರು. ಅವರೂ ಆರೋಹಿಗಳೂ ಸೇರಿ ಸರಿಯಾದ ಸ್ಟ್ರೆಚರನ್ನು ರೂಪಿಸಿ ಬೆಟ್ಟಗಳ ಬುಡದಲ್ಲಿ ಇರಿಸಿದರು. ಇಂದಿಗೂ ಅಲ್ಲಿ ಬೆಟ್ಟದ ರಕ್ಷಣೆ ಸ್ವಯಂಸೇವಕರದೇ, ತಮ್ಮ ಕೇಂದ್ರಕ್ಕೆ ಡಬ್ಬಿ ಹಿಡಿದು ಹಣ ಕೂಡಿಸುವವರೂ ಅವರೇ. ಶ್ರೀಮಂತ ದೇಶದಲ್ಲೂ ಡಬ್ಬಿ ತಪ್ಪಿಲ್ಲ ನೋಡಿ!

ಇದು ಸರಕಾರದ ಕೆಲಸವಲ್ಲವೇ ಎಂಬ ಪ್ರಶ್ನೆ ಬಂದಿದೆ. ಹೌದು, ಸರಕಾರದ್ದೂ ಹೌದು. ನಮ್ಮ ವಡೋದರಾದ ಹತ್ತಿರ ಜರೋದ್‌ನಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ಆರನೆಯ ದಳವಿದೆ. ಅವರ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಆದರೆ ಯಾವ ಪಡೆಯೇ ಆಗಲಿ ಹೊರಟು ತಲುಪಬೇಕಲ್ಲ? 2022ರ ಫೆಬ್ರವರಿಯಲ್ಲಿ ನಂದಿಬೆಟ್ಟದ ಬಂಡೆಯಲ್ಲಿ ಸಿಲುಕಿದ ವಿದ್ಯಾರ್ಥಿಯನ್ನು ವಾಯುಪಡೆಯ ಹೆಲಿಕಾಪ್ಟರ್ ಮೇಲೆತ್ತಿತು. ಪಕ್ಕದಲ್ಲೇ ಯಲಹಂಕ, ಶುಭ್ರವಾದ ಆಕಾಶ. ಮರುವರ್ಷ ಜುಲೈನಲ್ಲಿ ರಾಯಗಡ ಜಿಲ್ಲೆಯ ಇರ್ಶಾಲವಾಡಿ ಮಣ್ಣಿನಡಿ ಹೋದಾಗ ಮಳೆ, ಮಂಜು, ಹೆಲಿಕಾಪ್ಟರ್ ಹಾರಲಾಗಲಿಲ್ಲ. ಹತ್ತಿದವರೆಲ್ಲ ಕಾಲ್ನಡಿಗೆಯಲ್ಲೇ ಹತ್ತಿದರು, ಅವರಲ್ಲಿ ಸ್ಥಳೀಯ ಚಾರಣಿಗರ ತಂಡಗಳೂ ಇದ್ದವು. ನಮ್ಮ ಘಟ್ಟದ ಮಳೆ ಇರ್ಶಾಲವಾಡಿಯ ಮಳೆಯೇ ಹೊರತು ನಂದಿಯ ಬಿಸಿಲಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ನ್ಯಾಯವಾದುದು: ಉಣ್ಣುವುದು ಇಲ್ಲಿ, ಕೊಡುವುದು ಅಲ್ಲಿಗೇಕೆ? 2019ರ ಮೇ 24ನ್ನು ಈ ಸಭೆಯಲ್ಲಿ ಯಾರೂ ಮರೆತಿಲ್ಲ. ಇಲ್ಲಿಂದ ಕೂಗಳತೆಯ ಸರಥಾಣಾದಲ್ಲಿ, ತಕ್ಷಶಿಲಾ ಕಟ್ಟಡದ ಮೇಲ್ಮಹಡಿಯಿಂದ ಮಕ್ಕಳು ಹಾರಿದರು. 22 ಮಕ್ಕಳು ಇಲ್ಲವಾದರು. ಕೆಳಗೆ ಜನಕ್ಕೆ ಕೊರತೆಯಿರಲಿಲ್ಲ, ಧೈರ್ಯಕ್ಕೂ ಇರಲಿಲ್ಲ. ಹೊರಗೋಡೆ ಹತ್ತಿ ಮಕ್ಕಳನ್ನು ಇಳಿಸಿದವರಿದ್ದರು. ಬಲೆ ಇರಲಿಲ್ಲ, ಹಗ್ಗ ಇರಲಿಲ್ಲ. ಆ ಬಳಿಕ ನಾವೆಲ್ಲ ಮೇಣದ ಬತ್ತಿ ಹಚ್ಚಿದೆವು, ನಾನೂ ಹಚ್ಚಿದೆ. ಆದುದರಿಂದ ಊರಿನ ತಂಡದ ಮುಂದೆ ಒಂದು ಕೋರಿಕೆ ಇಟ್ಟಿದ್ದೇನೆ. ಕೋಣೆ ಎದ್ದ ಮೇಲೆ ಅವರಲ್ಲಿ ಇಬ್ಬರು ಇಲ್ಲಿಗೆ ಬಂದು ನಮ್ಮ ಹುಡುಗ ಹುಡುಗಿಯರಿಗೆ ಗಂಟು ಹಾಕುವುದನ್ನೂ ಗಾಯಾಳುವನ್ನು ಹೊರುವುದನ್ನೂ ಒಂದು ವಾರ ಕಲಿಸಬೇಕು. ಅವರು ಒಪ್ಪಿದ್ದಾರೆ.

ಮೊದಲ ಚಂದಾ ಕೊಟ್ಟವರು ಕನ್ನಡಿಗರಲ್ಲ ಎಂಬುದನ್ನು ತುಸು ಸಂಕೋಚದಿಂದಲೇ ಹೇಳುತ್ತೇನೆ. ನಮ್ಮ ಪಕ್ಕದ ಮನೆಯ ಕಾಠಿಯಾವಾಡಿ ಹಿರಿಯರು, ವಜ್ರ ಉಜ್ಜಿ ಕಣ್ಣು ಮಂಜಾದವರು. 1990ರ ದಶಕದ ಕೊನೆಯಲ್ಲಿ ಸೂರತ್ತಿನ ವಜ್ರದವರು ಸೌರಾಷ್ಟ್ರದ ತಮ್ಮ ಹಳ್ಳಿಗಳಿಗೆ ಚೆಕ್ ಡ್ಯಾಂ ಕಟ್ಟಿಸಲು ಹಣ ಕೂಡಿಸಿದುದು ನಿಮಗೆ ಗೊತ್ತು. ಅವರೂ ಅಂದು ಕೊಟ್ಟವರು. ನನ್ನ ಪುಸ್ತಕ ನೋಡಿ, ‘ಇನ್ನೂ ಯಾರೂ ಬರೆದಿಲ್ಲವೇಕೆ?’ ಎಂದರು. ಸದ್ಯಕ್ಕೆ ಅಲ್ಲಿ ಅಪಘಾತವೇನೂ ಆಗಿಲ್ಲವಲ್ಲ, ಅದಕ್ಕೆ ಎಂದೆ. ‘ನಾವು ಅಣೆ ಕಟ್ಟಿದಾಗ ಹಳ್ಳದಲ್ಲಿ ನೀರಿತ್ತೇನು ಭಾಯಿ?’ ಎಂದು ನಕ್ಕು 501 ರೂಪಾಯಿ ಬರೆದರು.

ದಾನಿಗಳ ಹೆಸರಿನ ಕಲ್ಲು ಎಲ್ಲಿ ಹಾಕುತ್ತೀರಿ ಎಂದೂ ಕೆಲವರು ವಿಚಾರಿಸಿದ್ದೀರಿ. ಗೋಡೆ ಚಿಕ್ಕದು, ಸ್ಟ್ರೆಚರಿಗೇ ಬೇಕು. ಹೆಸರುಗಳನ್ನು ಹಗ್ಗದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡುತ್ತಾರಂತೆ. ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಕಳುಹಿಸುತ್ತಾರೆ, ಅದನ್ನು ಈ ಪತ್ರಿಕೆಯಲ್ಲೇ ಅಚ್ಚು ಮಾಡಬೇಕೆಂದು ಸಂಪಾದಕರಲ್ಲಿ ವಿನಂತಿಸುತ್ತೇನೆ. ಜೂನಿನಲ್ಲಿ ಮಳೆ ಹಿಡಿಯುವ ಮೊದಲು ಮಾಡು ಹೊದೆಸಬೇಕಾಗಿದೆ. ಪುಸ್ತಕವನ್ನು ಕೋಶಾಧಿಕಾರಿಗಳ ಮೇಜಿನ ಮೇಲೆ ಇಟ್ಟಿದ್ದೇನೆ. ಊಟಕ್ಕೆ ಏಳುವಾಗ ಒಮ್ಮೆ ಆ ಕಡೆಯಿಂದ ಬನ್ನಿ.